ಸಮುದ್ರದ ನಡುವಿನ ಪ್ಲಾಟ್‌ಫಾರ್ಮಿಗೆ ಯಾವ ಪೊಲೀಸ್ ಸ್ಟೇಷನ್? ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಅರಬ್ಬೀ ಸಮುದ್ರದ ತೈಲ ಪ್ಲಾಟ್‌ಫಾರ್ಮು, ಬಾರ್ಜುಗಳಲ್ಲಿ ಹದಿನೇಳು ವರ್ಷ ಸೇಫ್ಟಿ ಕೆಲಸ ಮಾಡಿ ಬಂದವನು ನಾನು. ಈಗ ತೀರ್ಥಹಳ್ಳಿ ಹತ್ತಿರ ಅಪ್ಪನ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಪಕ್ಕದ ಎಲೆಯವರು ಕೇಳುತ್ತಾರೆ. ಸೊಸೈಟಿಯಲ್ಲಿ ಗೊಬ್ಬರಕ್ಕೆ ಕಾಯುವಾಗ ಕೇಳುತ್ತಾರೆ. ಮಕ್ಕಳು ರಿಗ್ಗಿಗೆ ಹೋದ ಅಪ್ಪ ಅಮ್ಮಂದಿರು ಫೋನ್ ಮಾಡುತ್ತಾರೆ, ಇಬ್ಬರು ಮೂವರು ಕಾಗದವನ್ನೇ ಬರೆದಿದ್ದಾರೆ. ಪ್ರಶ್ನೆಗಳು ಹೆಚ್ಚು ಕಮ್ಮಿ ಅವೇ. ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ವಕೀಲನಲ್ಲ. ಕೋರ್ಟಿಗೆ ಹೋಗುವ ವಿಷಯವಿದ್ದರೆ ವಕೀಲರನ್ನೇ ಕೇಳಿ.

## ಮೊದಲು ಗೊತ್ತಿರಬೇಕಾದ್ದು

ನಮ್ಮ ಘಟ್ಟದ ಮೇಲಿನವರಿಗೂ ಸಮುದ್ರದ ಕಾನೂನಿಗೂ ಎಂಥ ಸಂಬಂಧ ಮಾರಾಯ್ರೇ?

ಆಗುಂಬೆಯಲ್ಲಿ ಸಂಜೆ ನಿಂತರೆ ಮೋಡ ಇಲ್ಲದ ದಿನ ಸಮುದ್ರ ಕಾಣುತ್ತದೆ. ನಮಗೆ ಅಷ್ಟೇ ಸಂಬಂಧ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಪ್ಲಾಟ್‌ಫಾರ್ಮಿನಲ್ಲಿ ದುಡಿಯುವವರೆಲ್ಲ ಕರಾವಳಿಯವರಲ್ಲ. ವೆಲ್ಡರ್, ಎಲೆಕ್ಟ್ರಿಷಿಯನ್, ಅಟ್ಟಣಿಗೆ ಕಟ್ಟುವವರು, ಪೇಂಟರ್, ಅಡುಗೆಯವರು ಎಲ್ಲಿಂದಲಾದರೂ ಬಂದಿರುತ್ತಾರೆ. ಐಟಿಐ ಮುಗಿಸಿದ ಹೊಸನಗರದ ಹುಡುಗ ನನ್ನ ಕೆಳಗಿನ ಬಂಕಿನಲ್ಲೇ ಮಲಗುತ್ತಿದ್ದ. ಅವನಿಗೆ ಏನಾದರೂ ಆದರೆ ಯಾರನ್ನು ಕೇಳಬೇಕು ಅನ್ನುವುದು ಅವನ ಮನೆಯವರಿಗೆ ಗೊತ್ತಿರಬೇಕಲ್ವಾ?

ಸಿಗಂದೂರು ಲಾಂಚಿಗೂ ಇದೇ ಕಾನೂನಾ?

ಇಲ್ಲ. ಶರಾವತಿ ಹಿನ್ನೀರು ಒಳನಾಡಿನ ನೀರು. ಅಲ್ಲಿ ಓಡುವ ಲಾಂಚಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ, ಅದಕ್ಕೂ ಮೊದಲು 1917ರ ಹಳೇ ಕಾಯ್ದೆ ಇತ್ತು. ಹಿನ್ನೀರು ಎಷ್ಟೇ ಅಗಲವಾದರೂ ಯಾವುದೋ ತಾಲ್ಲೂಕಿನ ಒಳಗೇ ಇರುತ್ತದೆ, ಲಾಂಚಿನಲ್ಲಿ ಜಗಳವಾದರೆ ಇಂಥದೇ ಠಾಣೆ ಅಂತ ಇದೆ. ತಮಾಷೆ ನೋಡಿ, ಸಾಗರ ಅನ್ನುವ ಊರಿಗೆ ತಾಲ್ಲೂಕಿದೆ, ನಿಜವಾದ ಸಾಗರಕ್ಕೆ ತಾಲ್ಲೂಕಿಲ್ಲ. ಎಲ್ಲ ಗೊಂದಲ ಶುರುವಾಗುವುದು ಅಲ್ಲಿಂದ.

ಹನ್ನೆರಡು ಮೈಲಿ, ಇನ್ನೂರು ಮೈಲಿ ಅಂತಾರಲ್ಲ, ಅದೇನು ಲೆಕ್ಕ?

ಇದು ನಾಟಿಕಲ್ ಮೈಲಿ. ಒಂದಕ್ಕೆ 1.852 ಕಿ.ಮೀ. 1976ರ ಕಡಲ ವಲಯಗಳ ಕಾಯ್ದೆ ನಮ್ಮ ಸಮುದ್ರವನ್ನು ದೂರದ ಲೆಕ್ಕದಲ್ಲಿ ಪಾಲು ಮಾಡಿದೆ. ದಡದಿಂದ 12 ಮೈಲಿ, ಅಂದರೆ ಸುಮಾರು 22 ಕಿ.ಮೀ. ತನಕ ಪೂರ್ತಿ ನಮ್ಮದೇ ನೆಲವಿದ್ದ ಹಾಗೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋದಷ್ಟು ದೂರ ಅನ್ನಿ. 24 ಮೈಲಿ ತನಕ ಪಕ್ಕದ ವಲಯ: ಸುಂಕ, ವಲಸೆ, ಭದ್ರತೆಯ ವಿಷಯದಲ್ಲಿ ನಾವು ತಡೆದು ಕೇಳಬಹುದು. 200 ಮೈಲಿ ತನಕ, ಸುಮಾರು 370 ಕಿ.ಮೀ., ವಿಶೇಷ ಆರ್ಥಿಕ ವಲಯ. ಅಲ್ಲಿ ನೀರು ನಮ್ಮದಲ್ಲ, ಸಂಪತ್ತು ನಮ್ಮದು. ಮೀನು, ಎಣ್ಣೆ, ಗ್ಯಾಸ್, ಗಾಳಿ, ಅಲೆಯಿಂದ ಬರುವ ವಿದ್ಯುತ್ ಎಲ್ಲದರ ಹಕ್ಕು ನಮಗೆ. ಹಾದು ಹೋಗುವ ಬೇರೆ ದೇಶದ ಹಡಗನ್ನು ಸುಮ್ನೆ ನಿಲ್ಲಿಸುವ ಹಾಗಿಲ್ಲ.

ಬಾಂಬೆ ಹೈ ಇರುವುದು ಮುಂಬೈಯಿಂದ ಸುಮಾರು 160 ಕಿ.ಮೀ. ಪಶ್ಚಿಮಕ್ಕೆ. 1974ರಲ್ಲಿ ಅಲ್ಲಿ ಎಣ್ಣೆ ಸಿಕ್ಕಿತು. ಲೆಕ್ಕ ಹಾಕಿದರೆ ಅದು ಈ ಮೂರನೆಯ ವಲಯದಲ್ಲಿ ಬರುತ್ತದೆ.

ಪ್ಲಾಟ್‌ಫಾರ್ಮ್ ಅಂದ್ರೆ ಹಡಗಾ, ಕಟ್ಟಡವಾ?

ಕಾಲು ಊರಿ ಕೂತ ಪ್ಲಾಟ್‌ಫಾರ್ಮು ಕಟ್ಟಡದ ಹಾಗೆ. ಅದಕ್ಕೆ ಬಾವುಟವಿಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಅದರ ಮೇಲೆ ಕರಾವಳಿ ದೇಶದ್ದೇ ಅಧಿಕಾರ. ಭಾರತ ಆ ಒಪ್ಪಂದಕ್ಕೆ 1995ರಲ್ಲಿ ಒಪ್ಪಿಗೆ ಕೊಟ್ಟಿತು.

ರಿಗ್ ಬೇರೆ. ತೋಟಕ್ಕೆ ಬರುವ ಬೋರ್‌ವೆಲ್ ಲಾರಿ ನೋಡಿದ್ದೀರಲ್ಲ? ನಂಬರ್ ಪ್ಲೇಟ್ ತಮಿಳುನಾಡಿನದು, ತೂತು ಕೊರೆಯುವುದು ನಮ್ಮ ಜಾಗದಲ್ಲಿ. ಲಾರಿಯ ಆರ್‌ಸಿ, ಇನ್ಶೂರೆನ್ಸ್ ಅವರ ಕಡೆಯದು. ಬೋರ್ ಕೊರೆಯಲು ಬೇಕಾದ ಅನುಮತಿ ಇಲ್ಲಿನದು. ರಿಗ್ಗಿನದ್ದೂ ಹಾಗೇ. ಅದು ಪನಾಮಾದಲ್ಲೋ ಲೈಬೀರಿಯಾದಲ್ಲೋ ನೋಂದಣಿಯಾಗಿರಬಹುದು, ಆ ದೇಶದ ಬಾವುಟ ಹಾರುತ್ತಿರಬಹುದು. ಆದರೆ ನಮ್ಮ ವಲಯದಲ್ಲಿ ಕಾಲೂರಿ ಕೊರೆಯಲು ಶುರು ಮಾಡಿದರೆ ಆ ಕೆಲಸಕ್ಕೆ ನಮ್ಮ ಕಾನೂನು. ಸಾಮಾನು ತರುವ ಬೋಟು, ಜನ ಮಲಗುವ ಬಾರ್ಜು ಎಲ್ಲವೂ ಹಡಗಿನ ಲೆಕ್ಕ. ಹೀಗಾಗಿ ಒಂದೇ ಜಾಗದಲ್ಲಿ ಎರಡು ಮೂರು ಕಾನೂನು ಒಟ್ಟಿಗೆ ನಿಂತಿರುತ್ತವೆ.

ಅಲ್ಲಿ ಹೊಡೆದಾಟ ಆದ್ರೆ ಯಾವ ಸ್ಟೇಷನ್ನಿಗೆ ಹೋಗೋದು?

ಎಲ್ಲರೂ ಕೇಳುವ ಪ್ರಶ್ನೆ ಇದೇ.

12 ಮೈಲಿ ಒಳಗೆ ಆಯಾ ರಾಜ್ಯದ ಪೊಲೀಸರು. ನಮ್ಮ ರಾಜ್ಯದಲ್ಲಿ ಅದಕ್ಕೆ ಕರಾವಳಿ ಕಾವಲು ಪೊಲೀಸ್ ಇದೆ, ಮುಖ್ಯ ಕಚೇರಿ ಮಲ್ಪೆಯಲ್ಲಿ. 12 ಮೈಲಿ ದಾಟಿದರೆ ರಾಜ್ಯದ ಕೈ ಮುಗಿಯಿತು, ಕೇಂದ್ರದ್ದು ಶುರು. 1981ರ ಆಗಸ್ಟ್ 27ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ದಂಡ ಸಂಹಿತೆಯನ್ನು 200 ಮೈಲಿ ತನಕ ವಿಸ್ತರಿಸಿತು. ಆರೋಪಿ ಎಲ್ಲಿ ಸಿಗುತ್ತಾನೋ ಅಲ್ಲಿ, ಇಲ್ಲವೇ ಕೇಂದ್ರ ಹೇಳಿದ ಕಡೆ ವಿಚಾರಣೆ ಮಾಡಬಹುದು ಅಂತ ಆಯಿತು. ಬಾಂಬೆ ಹೈ ಕಡೆಯ ಪ್ರಕರಣಗಳಲ್ಲಿ ಮುಂಬೈ ಬಂದರಿನ ಯೆಲ್ಲೋ ಗೇಟ್ ಠಾಣೆಯ ಹೆಸರು ಆಗಾಗ ಕೇಳಿಬರುವುದು ಈ ಕಾರಣಕ್ಕೆ. ಬೋಟು ಅಲ್ಲಿಗೇ ಬಂದು ನಿಲ್ಲುತ್ತದೆ.

ಈ ಗೆರೆ ಎಷ್ಟು ಮುಖ್ಯ ಅನ್ನುವುದಕ್ಕೆ ‘ಎನ್ರಿಕಾ ಲೆಕ್ಸಿ’ ಪ್ರಕರಣ ನೋಡಿ. 2012ರ ಫೆಬ್ರವರಿ 15ರಂದು ಇಟಲಿಯ ಆ ಹಡಗಿನಲ್ಲಿದ್ದ ನೌಕಾಪಡೆಯವರು ಕೇರಳದ ಹತ್ತಿರ ಇಬ್ಬರು ಮೀನುಗಾರರನ್ನು ಗುಂಡಿಟ್ಟು ಕೊಂದರು. ದಡದಿಂದ 20.5 ಮೈಲಿ ದೂರ. ಕೇರಳ ಪೊಲೀಸರು ಬಂಧಿಸಿದರು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಇದು ಕೇರಳದ ವ್ಯಾಪ್ತಿಯಲ್ಲ, ಕೇಂದ್ರ ವಿಶೇಷ ನ್ಯಾಯಾಲಯ ಮಾಡಲಿ. ಆಮೇಲೆ ಅದು ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋಯಿತು. 2020ರಲ್ಲಿ ತೀರ್ಪು ಬಂತು: ಬಂಧಿತ ಇಬ್ಬರು ನೌಕಾಪಡೆಯವರಿಗೂ ಸರ್ಕಾರಿ ಸೇವೆಯ ರಕ್ಷಣೆ ಇದೆ, ಆದರೆ ಭಾರತಕ್ಕೆ ಪರಿಹಾರ ಸಿಗಬೇಕು. 10 ಕೋಟಿ ರೂಪಾಯಿ ಬಂತು, 2021ರ ಜೂನ್‌ನಲ್ಲಿ ಕೇಸು ಮುಗಿಯಿತು. ಗೆರೆಯಿಂದ ಎಂಟೂವರೆ ಮೈಲಿ ಆಚೆ ನಡೆದಿದ್ದಕ್ಕೆ ಒಂಬತ್ತು ವರ್ಷ.

ಕಾವಲಿಗೆ ಯಾರಿರ್ತಾರೆ? ನೇವಿನಾ, ಕೋಸ್ಟ್ ಗಾರ್ಡಾ?

ಇಬ್ಬರೂ. 1978ರ ಕೋಸ್ಟ್ ಗಾರ್ಡ್ ಕಾಯ್ದೆಯಲ್ಲಿ ಅವರ ಕೆಲಸಗಳ ಪಟ್ಟಿ ಇದೆ. ಸಮುದ್ರದ ಕಟ್ಟಡಗಳು, ಟರ್ಮಿನಲ್‌ಗಳ ರಕ್ಷಣೆಯೂ ಅದರಲ್ಲಿ ಸೇರಿದೆ. ತೈಲ ಕ್ಷೇತ್ರದ ಸುತ್ತ ನೌಕಾಪಡೆಯೂ ಗಸ್ತು ತಿರುಗುತ್ತದೆ. 26/11ರ ದಾಳಿ ಆದ ಮೇಲೆ ಇಡೀ ಕಡಲ ಭದ್ರತೆಯ ಹೊಣೆ ನೌಕಾಪಡೆಗೆ ಬಂತು. ಸಾಮಾನ್ಯ ಅಪರಾಧವಾದರೆ ಅವರು ಹಿಡಿದು ಬಂದರಿನ ಪೊಲೀಸರಿಗೆ ಒಪ್ಪಿಸುತ್ತಾರೆ. ತನಿಖೆ, ಚಾರ್ಜ್‌ಶೀಟ್ ಪೊಲೀಸರದ್ದು.

ಪ್ಲಾಟ್‌ಫಾರ್ಮನ್ನೇ ವಶಪಡಿಸಿಕೊಳ್ಳುವುದು, ಬಾಂಬ್ ಇಡುವುದು ಇಂಥವಕ್ಕೆ 2002ರಲ್ಲಿ ಬೇರೆಯೇ ಕಾಯ್ದೆ ಬಂತು. 1985ರಲ್ಲಿ ಅಕಿಲೆ ಲಾವ್ರೊ ಅನ್ನುವ ಪ್ರವಾಸಿ ಹಡಗಿನ ಅಪಹರಣ ಆದಮೇಲೆ 1988ರಲ್ಲಿ ಜಗತ್ತಿನ ದೇಶಗಳು ಮಾಡಿಕೊಂಡ ಒಪ್ಪಂದದ ಭಾರತೀಯ ರೂಪ ಅದು. ಅದರಡಿ ಕೋಸ್ಟ್ ಗಾರ್ಡ್ ಅಧಿಕಾರಿಗೂ ತನಿಖೆಯ ಅಧಿಕಾರ ಕೊಡಬಹುದು.

## ಕೆಲಸಕ್ಕೆ ಹೋಗುವವರು, ಅವರ ಮನೆಯವರು ಕೇಳುವುದು

ಮಗ ರಿಗ್ಗಿಗೆ ಹೊರಟಿದ್ದಾನೆ. ಏನೇನು ಕಾಗದ ನೋಡ್ಕೋಬೇಕು?

ಮೊದಲು ಒಂದು ಸಣ್ಣ ಪ್ರಶ್ನೆ ಕೇಳಿ: ಸಂಬಳ ಕೊಡುವವರು ಯಾರು? ಹುಡುಗರು ದೊಡ್ಡ ತೈಲ ಕಂಪನಿಯ ಹೆಸರು ಹೇಳುತ್ತಾರೆ. ಆರ್ಡರ್ ಕಾಗದದಲ್ಲಿ ಬೇರೆಯೇ ಹೆಸರಿರುತ್ತದೆ. ತೈಲ ಕಂಪನಿ, ಅದರ ಗುತ್ತಿಗೆದಾರ, ಉಪಗುತ್ತಿಗೆದಾರ, ಕೊನೆಗೆ ಜನ ಕಳಿಸುವ ಏಜೆಂಟ್. ಏನಾದರೂ ಆದಾಗ ಎಲ್ಲರೂ ಕೈ ತೋರಿಸುವುದು ಪಕ್ಕದವನ ಕಡೆಗೇ. ಆ ಕಾಗದದ ಒಂದು ನಕಲು ಮನೆಯಲ್ಲಿ ಇರಲಿ.

ಹಡಗಿನ ಸಿಬ್ಬಂದಿಯಾಗಿ ಹೋಗುವವನಿಗೆ ಸಿಡಿಸಿ ಪುಸ್ತಕ (ನಾವಿಕನ ಗುರುತು, ಕೆಲಸದ ದಾಖಲೆ), ಇಂಡೋಸ್ ನಂಬರ್ (ನಾವಿಕರ ನೋಂದಣಿ ಸಂಖ್ಯೆ) ಬೇಕು. ಕಳಿಸುವ ಏಜೆಂಟನಿಗೆ ಡಿಜಿ ಶಿಪ್ಪಿಂಗ್, ಅಂದರೆ ಹಡಗುಗಳನ್ನು ನೋಡಿಕೊಳ್ಳುವ ಕೇಂದ್ರದ ಕಚೇರಿಯ ಲೈಸೆನ್ಸ್ ಬೇಕು. ಕೆಲಸ ಕೊಡಿಸಲು ನಾವಿಕನ ಹತ್ತಿರ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಎರಡು ಲಕ್ಷ ಕೊಡಿ ಅಂದರೆ ಅಲ್ಲೇ ಎದ್ದು ಬನ್ನಿ. ಹೆಲಿಕಾಪ್ಟರ್ ನೀರಿಗೆ ಬಿದ್ದರೆ ಹೊರಬರುವ ತರಬೇತಿಯ ಸರ್ಟಿಫಿಕೇಟ್ ಇರಬೇಕು. ಅದನ್ನು ದುಡ್ಡಿಗೆ ಮಾರುವವರೂ ಇದ್ದಾರೆ, ದಯವಿಟ್ಟು ಕೊಳ್ಳಬೇಡಿ. ತೂಗುವ ಕುರ್ಚಿಗೆ ಬೆಲ್ಟ್ ಕಟ್ಟಿ ಈಜುಕೊಳದಲ್ಲಿ ತಲೆಕೆಳಗು ಮಾಡುತ್ತಾರೆ. ಮೂಗಿಗೆ ನೀರು ನುಗ್ಗುವಾಗ ಕಿಟಕಿ ಯಾವ ಕಡೆ ಅಂತ ಕೈಗೆ ನೆನಪಿರಬೇಕು. ಅದು ಸರ್ಟಿಫಿಕೇಟಿನಿಂದ ಬರುವುದಿಲ್ಲ.

ಇನ್ನೊಂದು. ಗ್ಯಾಸ್ ಇರುವ ಜಾಗದಲ್ಲಿ ಮೊಬೈಲ್ ಬಿಡುವುದಿಲ್ಲ, ಕಿಡಿ ಹಾರಬಹುದು ಅಂತ. ಫೋಟೋ ತೆಗೆದಿಡುತ್ತೇನೆ ಅನ್ನುವುದು ಅಲ್ಲಿ ನಡೆಯಲ್ಲ. ಒಂದು ಸಣ್ಣ ಡೈರಿ ಕೊಟ್ಟು ಕಳಿಸಿ. ತಾರೀಖು, ಯಾವ ಡೆಕ್, ಯಾರು ಹೇಳಿದ ಕೆಲಸ. ಮೂರು ಸಾಲು ಸಾಕು.

ಇನ್‌ಸ್ಪೆಕ್ಷನ್ ನಿಜವಾಗ್ಲೂ ನಡೆಯುತ್ತಾ, ಇಲ್ಲಾ ಸುಮ್ನೆ ನಾಟಕವಾ?

ಎರಡೂ ನಡೆಯುತ್ತದೆ. ನನ್ನದೇ ಕಥೆ ಹೇಳುತ್ತೇನೆ, ಕಂಪನಿ ಹೆಸರು ಬೇಡ.

ನಾನಿದ್ದ ಬಾರ್ಜಿನಲ್ಲಿ ನಾಲ್ಕು ಲೈಫ್‌ಬೋಟ್ ಇದ್ದವು. ವಾರಕ್ಕೊಮ್ಮೆ ಎಂಜಿನ್ ಚಾಲು ಮಾಡಿ ನೋಡಬೇಕು, ಚೆಕ್‌ಲಿಸ್ಟಿಗೆ ಸಹಿ ಹಾಕಬೇಕು. ಎರಡನೇ ಬೋಟಿನ ಬ್ಯಾಟರಿ ಸತ್ತು ತಿಂಗಳಾಗಿತ್ತು. ಹೊಸದು ಬರುತ್ತೆ, ಬರುತ್ತೆ ಅನ್ನುತ್ತಿದ್ದರು. ಆ ನಾಲ್ಕು ವಾರವೂ ಸಹಿ ಹಾಕಿದವನು ನಾನೇ. ಇನ್‌ಸ್ಪೆಕ್ಟರ್ ಬರುವ ಬೆಳಿಗ್ಗೆ ಮೆಕ್ಯಾನಿಕ್ ಬಂದು ಒಂದನೇ ಬೋಟಿನ ಬ್ಯಾಟರಿ ತಂದು ಎರಡಕ್ಕೆ ಕೂರಿಸಿದ. ಮೊದಲು ಎರಡನೆಯದನ್ನು ತೋರಿಸಿ, ಆಮೇಲೆ ಬ್ಯಾಟರಿಯನ್ನು ಒಂದಕ್ಕೇ ವಾಪಸ್ ಹಾಕುವುದು ಅಂತ ಲೆಕ್ಕ. ಆ ಮನುಷ್ಯ ನೇರ ಎರಡನೇ ಬೋಟಿಗೇ ಹೋದರು. ಎಂಜಿನ್ ಜುಂ ಅಂತ ಚಾಲೂ ಆಯಿತು. ನಮಗೆಲ್ಲ ಸಮಾಧಾನ. ಅವರು ಬಗ್ಗಿ ನೋಡಿದರು. ಬ್ಯಾಟರಿ ಮೇಲೆ ಬಿಳಿ ಪೇಂಟಿನಲ್ಲಿ ‘1’ ಅಂತ ಬರೆದಿತ್ತು. ಏನೂ ಬೈಯಲಿಲ್ಲ. “ಒಂದನೇ ಬೋಟ್ ಚಾಲೂ ಮಾಡಿ” ಅಂದರು. ಮೆಕ್ಯಾನಿಕ್ ನನ್ನ ಮುಖ ನೋಡಿದ, ನಾನು ಸಮುದ್ರ ನೋಡಿದೆ.

ಬ್ಯಾಟರಿ ಬರುವ ತನಕ ಎರಡು ದಿನ ಕೆಲಸ ನಿಂತಿತು. ತಿಂಗಳಿಂದ ಬಾರದ ಬ್ಯಾಟರಿ ಎರಡು ದಿನಕ್ಕೆ ಬಂತು.

2005ರಲ್ಲಿ ಬಾಂಬೆ ಹೈಗೆ ಬೆಂಕಿ ಬಿದ್ದಿದ್ದು ಹೇಗೆ? ಯಾರೋ ಬೆರಳು ಕೊಯ್ದುಕೊಂಡಿದ್ದರಿಂದ ಅಂತಾರಲ್ಲ?

ಹೌದು, ಶುರುವಾಗಿದ್ದು ಅಲ್ಲಿಂದಲೇ. 2005ರ ಜುಲೈ 27. ಹಿಂದಿನ ದಿನ ಮುಂಬೈ ಮಳೆಯಲ್ಲಿ ಮುಳುಗಿತ್ತು. ‘ಸಮುದ್ರ ಸುರಕ್ಷಾ’ ಅನ್ನುವ ಸಹಾಯಕ ಹಡಗಿನಲ್ಲಿ ಒಬ್ಬ ಅಡುಗೆಯವರ ಎರಡು ಬೆರಳಿನ ತುದಿ ಕತ್ತರಿಸಿತು. ಮಳೆಗಾಲದ ಆ ಹವಾಮಾನದಲ್ಲಿ ಹೆಲಿಕಾಪ್ಟರ್ ಹಾರುವ ಹಾಗಿರಲಿಲ್ಲ. ಬಾಂಬೆ ಹೈ ಉತ್ತರದ ಪ್ಲಾಟ್‌ಫಾರ್ಮಿನಲ್ಲಿ ಡಾಕ್ಟರ್ ಇದ್ದರು. ಕ್ರೇನಿನ ಬುಟ್ಟಿಯಲ್ಲಿ ಮೇಲೆತ್ತುವುದು ಅಂತಾಯಿತು.

ಗಾಳಿಯ ಮರೆಯ ಕಡೆಯ ಕ್ರೇನ್ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಹಡಗು ಗಾಳಿ ಬೀಸುವ ಕಡೆಯಿಂದ ಬಂತು. ಅಲ್ಲಿ ಗಾಳಿಯೂ ಅಲೆಯೂ ಹಡಗನ್ನು ಪ್ಲಾಟ್‌ಫಾರ್ಮಿನ ಮೇಲಕ್ಕೇ ದೂಡುತ್ತವೆ. ಹಡಗನ್ನು ಹಿಡಿದು ನಿಲ್ಲಿಸುವ ಥ್ರಸ್ಟರ್ ತೊಂದರೆ ಕೊಟ್ಟಿತು. ಕೈಯಿಂದಲೇ ನಡೆಸಿದರು. ಗಾಯಾಳುವನ್ನು ಮೇಲಕ್ಕೇನೋ ಎತ್ತಿ ಆಯಿತು. ವಾಪಸ್ ಹೋಗುವಾಗ ಹಡಗಿನ ಹಿಂಭಾಗದ ಹೆಲಿಡೆಕ್ ಗ್ಯಾಸ್ ಪೈಪಿಗೆ, ನಾವು ರೈಸರ್ ಅನ್ನುತ್ತೇವೆ, ಬಡಿಯಿತು. ಅಷ್ಟು ದೊಡ್ಡ ಹಡಗಿನ ಪೆಟ್ಟು ತಡೆಯುವಂಥ ರಕ್ಷಣೆಯ ಬೇಲಿ ಆ ಪೈಪಿಗೆ ಇರಲಿಲ್ಲ. ಗ್ಯಾಸ್ ಹೊರಟು ಬೆಂಕಿ ಹತ್ತಿ, ಸುಮಾರು ಎರಡು ಗಂಟೆಯಲ್ಲಿ ಪ್ಲಾಟ್‌ಫಾರ್ಮೇ ಸುಟ್ಟು ಹೋಯಿತು. ಅಲ್ಲಿದ್ದ 384 ಜನರಲ್ಲಿ 22 ಮಂದಿ ಸತ್ತರು ಇಲ್ಲವೇ ಕಾಣೆಯಾದರು. ಆಳ ನೀರಿಗೆ ಇಳಿಯುವ ಆರು ಡೈವರ್‌ಗಳು ಉರಿಯುವ ಹಡಗಿನ ಒತ್ತಡದ ಕೋಣೆಯಲ್ಲೇ ಸಿಕ್ಕಿಕೊಂಡಿದ್ದರು. ಅವರನ್ನು 36 ಗಂಟೆ ಆದಮೇಲೆ ಜೀವಂತ ಹೊರತಂದರು.

ಒಂದು ಕ್ರೇನ್, ಒಂದು ಥ್ರಸ್ಟರ್, ಒಂದು ಬೇಲಿ. ಮೂರರಲ್ಲಿ ಯಾವುದಾದರೂ ಒಂದು ಸರಿ ಇದ್ದಿದ್ದರೆ ಅಂತ ನಮ್ಮ ಟ್ರೇನಿಂಗಿನಲ್ಲಿ ಪ್ರತಿಸಲ ಹೇಳುತ್ತಿದ್ದರು. 2008ರಲ್ಲಿ ಸಮುದ್ರದ ಪೆಟ್ರೋಲಿಯಂ ಕೆಲಸಕ್ಕೆಂದೇ ಸುರಕ್ಷತಾ ನಿಯಮಗಳು ಬಂದವು. ಅಪಾಯದ ಲೆಕ್ಕಾಚಾರ, ತುರ್ತು ಯೋಜನೆ ಎಲ್ಲ ಬರಹದಲ್ಲಿರಬೇಕು. ಅದನ್ನು ನೋಡಿಕೊಳ್ಳುವ ಹೊಣೆ ಒಐಎಸ್‌ಡಿ, ಅಂದರೆ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯದ್ದು.

ಚಂಡಮಾರುತ ಬರುತ್ತೆ ಅಂತ ಗೊತ್ತಿದ್ದೂ ಬಾರ್ಜ್ ಅಲ್ಲೇ ನಿಂತಿದ್ರೆ ಯಾರ ತಪ್ಪು?

ಕೇಳುವವರ ಮನಸ್ಸಿನಲ್ಲಿರುವುದು ತೌಕ್ತೆ. 2021ರ ಮೇ 17ರಂದು ಪಿ-305 ಬಾರ್ಜ್ ಮುಳುಗಿತು. ಅದರಲ್ಲಿದ್ದವರು 261 ಜನ, ಸತ್ತವರು 70ಕ್ಕೂ ಹೆಚ್ಚು. ಅದಕ್ಕೆ ಸ್ವಂತ ಎಂಜಿನ್ ಇರಲಿಲ್ಲ, ಎಳೆದೊಯ್ಯಬೇಕಾದ ಬಾರ್ಜು. ಲಂಗರು ಕಿತ್ತು ತೇಲಿ ಹೋಗಿ ಜನರಿಲ್ಲದ ಪ್ಲಾಟ್‌ಫಾರ್ಮಿಗೆ ಬಡಿದು ತೂತಾಯಿತು. ಹವಾಮಾನ ಇಲಾಖೆಯ ಎಚ್ಚರಿಕೆ ಕೆಲವು ದಿನ ಮೊದಲೇ ಇತ್ತು.

ಮುಂಬೈ ಪೊಲೀಸರು ಕ್ಯಾಪ್ಟನ್ ಮೇಲೆ ಕೇಸು ಹಾಕಿದರು, ಸರ್ಕಾರ ಮೂರು ಜನರ ಸಮಿತಿ ಮಾಡಿತು. ಹಡಗಿನ ಸುರಕ್ಷತೆಗೆ ಕೊನೆಯ ಮಾತು ಕ್ಯಾಪ್ಟನ್ನದು ಅಂತ ಕಾನೂನು ಹೇಳುತ್ತದೆ, ನಿಜ. ಆದರೆ ನಾನು ಕಂಡ ಬಾರ್ಜುಗಳಲ್ಲಿ ಕ್ಯಾಪ್ಟನ್‌ಗೆ ದಿನಕ್ಕೆ ನಾಲ್ಕು ಫೋನ್ ಬರುತ್ತಿದ್ದವು. ಮಳೆಗಾಲದ ಮುಂಚೆ ಮುಗಿಸಿ, ಒಂದು ದಿನ ಜಾಸ್ತಿಯಾದರೆ ಇಷ್ಟು ಬಾಡಿಗೆ, ಅಂತ. ಕೇಸಿನಲ್ಲಿ ಆ ಫೋನ್ ಮಾಡಿದವರ ಹೆಸರು ಬರಬೇಕಾದರೆ ಎಲ್ಲೋ ಬರಹದಲ್ಲಿ ಇರಬೇಕು. ಫೋನಿನಲ್ಲಿ ಹೇಳಿದ್ದನ್ನು ಲಾಗ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದ ಕ್ಯಾಪ್ಟನ್ ಒಬ್ಬರನ್ನು ನಾನು ನೋಡಿದ್ದೇನೆ. ಕಚೇರಿಯವರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಅಪಘಾತ ಆದ್ರೆ ಪರಿಹಾರಕ್ಕೆ ಮುಂಬೈಗೇ ಅಲೆಯಬೇಕಾ?

ಬೇಡ. ಪರಿಹಾರದ ಅರ್ಜಿಯನ್ನು ಅಪಘಾತವಾದ ಜಾಗದಲ್ಲಷ್ಟೇ ಹಾಕಬೇಕು ಅಂತೇನಿಲ್ಲ. ಕಾರ್ಮಿಕ ಅಥವಾ ಅವನ ಅವಲಂಬಿತರು ವಾಸ ಇರುವ ಕಡೆ ಕಾರ್ಮಿಕ ಪರಿಹಾರ ನೋಡುವ ಅಧಿಕಾರಿಯ ಮುಂದೆಯೂ ಹಾಕಬಹುದು. 1923ರ ಕಾಯ್ದೆಯಲ್ಲೇ ಇದಿತ್ತು, ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಅವಧಿ ಎರಡು ವರ್ಷ. “ಸೆಟಲ್ ಮಾಡೋಣ, ಕಾಯಿರಿ” ಅಂತ ಗುತ್ತಿಗೆದಾರ ಹೇಳುತ್ತಾ ಹೇಳುತ್ತಾ ಎರಡು ವರ್ಷ ಕಳೆದುಹೋದವರಿದ್ದಾರೆ.

ಪೊಲೀಸ್ ದೂರಿಗೂ ಹಾಗೇ. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ನಮ್ಮ ಠಾಣೆ ವ್ಯಾಪ್ತಿಯಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಜೀರೋ ಎಫ್‌ಐಆರ್ ಮಾಡಿ ಅವರೇ ಮುಂದೆ ಕಳಿಸಬೇಕು.

## ಸ್ವಲ್ಪ ಆಳದ ಪ್ರಶ್ನೆಗಳು

ಮೀನಿನ ದೋಣಿ ಹತ್ತಿರ ಹೋದ್ರೆ ಗುಂಡು ಹೊಡೀತಾರಾ?

ಇಲ್ಲ. ಆದರೆ ಹತ್ತಿರ ಹೋಗುವ ಹಾಗೂ ಇಲ್ಲ. ಪ್ಲಾಟ್‌ಫಾರ್ಮಿನ ಸುತ್ತ 500 ಮೀಟರ್ ಸುರಕ್ಷತಾ ವಲಯ. ಅದಕ್ಕಿಂತ ದೊಡ್ಡದು ಮಾಡಲು ಸಾಮಾನ್ಯವಾಗಿ ಅಂತರರಾಷ್ಟ್ರೀಯ ಕಾನೂನು ಬಿಡುವುದಿಲ್ಲ. ಕೇಳಲು ದೊಡ್ಡದು ಅನ್ನಿಸುತ್ತದೆ. ಎಂಟು ನಾಟ್, ಅಂದರೆ ಗಂಟೆಗೆ ಎಂಟು ನಾಟಿಕಲ್ ಮೈಲಿ ವೇಗದ ದೋಣಿಗೆ ಅದು ಎರಡು ನಿಮಿಷದ ದಾರಿ.

ಮೀನುಗಾರರು ಬರುವುದು ಹಟಕ್ಕಲ್ಲ. ಕಂಬಗಳಿಗೆ ಪಾಚಿ, ಚಿಪ್ಪು ಕಟ್ಟುತ್ತದೆ, ರಾತ್ರಿ ದೀಪ ಇರುತ್ತದೆ, ಮೀನು ಅಲ್ಲೇ ಮುತ್ತುತ್ತದೆ. ನಾವು ಮೇಲಿಂದ ಬಗ್ಗಿ ನೋಡಿದರೆ ಕಾಣುತ್ತಿತ್ತು. ಆದರೆ ಬಲೆ ತಳದ ಪೈಪಿಗೆ ಸಿಕ್ಕಿದರೆ ದೋಣಿಗೂ ಅಪಾಯ, ನಮಗೂ ಅಪಾಯ. ಮೊದಲು ರೇಡಿಯೋದ 16ನೇ ಚಾನೆಲ್ಲಿನಲ್ಲಿ ಕೂಗುತ್ತೇವೆ, ಆಮೇಲೆ ಹಾರ್ನ್, ಕಾವಲು ಬೋಟು, ಕೊನೆಗೆ ಕೋಸ್ಟ್ ಗಾರ್ಡ್ ಅಥವಾ ನೇವಿ. 1976ರ ಕಾಯ್ದೆಯಲ್ಲಿ ಮೂರು ವರ್ಷದ ತನಕ ಜೈಲು ಇದೆ. ಆದರೆ ಆ ಕಾಯ್ದೆಯಡಿ ಕೇಸು ನಡೆಸಲು ಕೇಂದ್ರದ ಅನುಮತಿ ಮೊದಲೇ ಬೇಕು. ನಾನು ಕಂಡಷ್ಟು ದೋಣಿಗಳನ್ನು ಗದರಿಸಿ ಕಳಿಸಿದ್ದೇ ಜಾಸ್ತಿ.

ವಿದೇಶಿ ಹಡಗು ತಪ್ಪು ಮಾಡಿ ಓಡಿದ್ರೆ ಬೆನ್ನಟ್ಟಿ ಹಿಡೀಬಹುದಾ?

ಹಿಡಿಯಬಹುದು, ಸುರಕ್ಷತಾ ವಲಯದಲ್ಲಿ ಮಾಡಿದ ತಪ್ಪಿಗೂ ಹಿಡಿಯಬಹುದು. ಆದರೆ ಷರತ್ತುಗಳಿವೆ. ಹಡಗು ಅಥವಾ ಅದರ ದೋಣಿ ವಲಯದ ಒಳಗಿರುವಾಗಲೇ ಬೆನ್ನಟ್ಟಲು ಶುರು ಮಾಡಬೇಕು. ಕಣ್ಣಿಗೆ ಕಾಣುವ ಅಥವಾ ಕಿವಿಗೆ ಕೇಳುವ ಹಾಗೆ ನಿಲ್ಲಿಸಲು ಸೂಚನೆ ಕೊಡಬೇಕು. ನಡುವೆ ಬಿಡಬಾರದು. ಬೇರೆ ದೇಶದ 12 ಮೈಲಿಯೊಳಗೆ ಹೊಕ್ಕರೆ ಬಿಟ್ಟು ಬರಬೇಕು.

ರಷ್ಯಾ ಸೋತಿದ್ದು ಇಲ್ಲೇ. 2013ರ ಸೆಪ್ಟೆಂಬರ್‌ನಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್‌ನವರು ಪ್ರಿರಜ್ಲೋಮ್ನಾಯಾ ತೈಲ ಪ್ಲಾಟ್‌ಫಾರ್ಮ್ ಹತ್ತಲು ಹೋದರು. ಮರುದಿನ ರಷ್ಯನ್ನರು ಹೆಲಿಕಾಪ್ಟರಿನಿಂದ ಇಳಿದು ‘ಆರ್ಕ್ಟಿಕ್ ಸನ್‌ರೈಸ್’ ಹಡಗನ್ನೇ ಹಿಡಿದರು, 30 ಜನರನ್ನು ಒಳಗೆ ಹಾಕಿದರು. ಹಡಗಿನ ಬಾವುಟ ನೆದರ್‌ಲ್ಯಾಂಡ್ಸ್‌ನದು, ಆ ದೇಶ ಕೇಸು ಹಾಕಿತು. 2015ರಲ್ಲಿ ನ್ಯಾಯಮಂಡಳಿ ಹೇಳಿತು: ಬೆನ್ನಟ್ಟುವುದು ನಡುವೆ ನಿಂತುಹೋಗಿತ್ತು, ಹಾಗಾಗಿ ಹಿಡಿದಿದ್ದು ತಪ್ಪು. 2017ರಲ್ಲಿ ಸುಮಾರು 54 ಲಕ್ಷ ಯೂರೋ ಪರಿಹಾರ ಅಂತ ಆಯಿತು. ಪ್ಲಾಟ್‌ಫಾರ್ಮಿಗೆ ನುಗ್ಗಿದ್ದು ಸರಿಯಾ ಅನ್ನುವುದು ಬೇರೆ ಮಾತು. ಹಿಡಿಯುವವನೂ ನಿಯಮ ಪಾಲಿಸಬೇಕು.

ಹಡಗನ್ನ ಅರೆಸ್ಟ್ ಮಾಡ್ತಾರಂತೆ, ಹೌದಾ? ಕೈಕೋಳ ಎಲ್ಲಿ ಹಾಕ್ತಾರೆ?

ನಗಬೇಡಿ, ನಿಜ. ಮಾಲೀಕ ಎಲ್ಲೋ ವಿದೇಶದಲ್ಲಿರುತ್ತಾನೆ, ಅವನ ಕಂಪನಿ ಒಂದು ಪೋಸ್ಟ್‌ಬಾಕ್ಸ್ ಅಷ್ಟೇ. ಹಾಗಾಗಿ ಕೇಸನ್ನು ಹಡಗಿನ ಮೇಲೇ ಹಾಕುತ್ತಾರೆ. ಕೋರ್ಟು ಆದೇಶ ಕೊಟ್ಟರೆ ವಾರಂಟನ್ನು ಹಡಗಿಗೆ ಅಂಟಿಸುತ್ತಾರೆ, ಬಂದರಿನವರು ಹೊರಗೆ ಬಿಡುವುದಿಲ್ಲ. ಮಾಲೀಕ ಠೇವಣಿ ಇಟ್ಟ ಮೇಲೆ ಬಿಡುಗಡೆ. ಸಾಲದ ಮನೆಯ ಎಮ್ಮೆ ಕಟ್ಟಿ ಹಾಕಿದ ಹಾಗೆ.

2017ರ ಅಡ್ಮಿರಾಲ್ಟಿ ಕಾಯ್ದೆ ಈ ಅಧಿಕಾರವನ್ನು ಕರಾವಳಿ ರಾಜ್ಯಗಳ ಹೈಕೋರ್ಟುಗಳಿಗೆ ಕೊಟ್ಟಿದೆ. ಕರ್ನಾಟಕ ಹೈಕೋರ್ಟಿಗೂ ಇದೆ. ಹಾಗಾಗಿ ಮಂಗಳೂರಿನಲ್ಲಿ ನಿಂತ ಹಡಗಿಗೆ ಬೆಂಗಳೂರಿನಿಂದ ವಾರಂಟ್ ಬರಬಹುದು. ಸಮುದ್ರದಲ್ಲಿ ಕೆಲಸ ಮಾಡುವ ಚಲಿಸುವ ಘಟಕಗಳೂ ಆ ಕಾಯ್ದೆಯ ‘ಹಡಗು’ ಅನ್ನುವ ಪದದಲ್ಲಿ ಬರುತ್ತವೆ, ಅಂದರೆ ರಿಗ್ಗನ್ನೂ ಹಿಡಿಯಬಹುದು. 2025ರ ಮೇ 25ರಂದು ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ-3 ಮುಳುಗಿದಾಗ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಕೇಳಿ ಕೇಸು ಹಾಕಿತು. ಮುಳುಗಿದ ಹಡಗನ್ನು ಹಿಡಿಯುವುದು ಹೇಗೆ? ಅದೇ ಬಳಗದ ಇನ್ನೊಂದು ಹಡಗು ವಿಳಿಂಜಂನಲ್ಲಿತ್ತು, ಅದನ್ನು ಹಿಡಿದರು.

ನಮ್ಮ ಹುಡುಗರಿಗೆ ಉಪಯೋಗವಾಗುವ ಮಾತು: ಸಿಬ್ಬಂದಿಯ ಸಂಬಳ ಬಾಕಿಗೂ ಹಡಗನ್ನು ಹಿಡಿಸಬಹುದು. ಹಡಗು ಮಾರಿದ ದುಡ್ಡಿನಲ್ಲಿ ಅಡಮಾನ ಇಟ್ಟುಕೊಂಡ ಬ್ಯಾಂಕಿಗಿಂತ ಮೊದಲು ಸಂಬಳದವರ ಸರದಿ.

ಸಮುದ್ರದಲ್ಲಿ ಗಾಳಿ ಕಂಬ, ಅಲೆ ಕರೆಂಟು ಬಂದ್ರೆ ಅದಕ್ಕೂ ಇದೇ ಕಾನೂನಾ?

ಬುನಾದಿ ಇದೇ. ಅವೂ ಸಮುದ್ರದ ಕಟ್ಟಡಗಳೇ, 500 ಮೀಟರ್ ವಲಯದ ಅವಕಾಶ ಅವಕ್ಕೂ ಇದೆ. ಗಾಳಿಗೆ 2015ರ ನೀತಿ, 2023ರ ಗುತ್ತಿಗೆ ನಿಯಮ ಬಂದಿವೆ. 2024ರಲ್ಲಿ ಕೇಂದ್ರ ಸಂಪುಟ ಗುಜರಾತ್, ತಮಿಳುನಾಡಿನ ಹತ್ತಿರ ತಲಾ 500 ಮೆಗಾವ್ಯಾಟ್‌ಗೆಂದು 7,453 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ನಮ್ಮ ಕರಾವಳಿ ಅದರಲ್ಲಿಲ್ಲ. ಅಲೆಯಿಂದ ವಿದ್ಯುತ್ತು ವಿಳಿಂಜಂನಲ್ಲಿ 1991ರಲ್ಲೇ ಮಾಡಿ ನೋಡಿದ್ದರು, 150 ಕಿಲೋವ್ಯಾಟ್ ಘಟಕ. ಜೋಗದ ಲೆಕ್ಕದಲ್ಲಿ ಅದು ಹನಿ ನೀರು.

ಕಾನೂನು ಮೊದಲು ಬಂದು ಘಟಕ ಬಾರದೇ ಹೋಗಿದ್ದೂ ಉಂಟು. ಮೇಲಿನ ಬಿಸಿ ನೀರು, ಆಳದ ತಣ್ಣೀರಿನ ವ್ಯತ್ಯಾಸದಿಂದ ವಿದ್ಯುತ್ ತೆಗೆಯುವ ಘಟಕ ಮತ್ತು ಹಡಗುಗಳಿಗೆಂದು ಅಮೆರಿಕ 1980ರಲ್ಲೇ ಕಾಯ್ದೆ ಮಾಡಿತು. ತಪ್ಪಿಗೆ ದಿನಕ್ಕೆ 25,000 ಡಾಲರ್ ತನಕ ದಂಡ. ಲೈಸೆನ್ಸಿಗೆ ಅರ್ಜಿ ಹಾಕುವವರೇ ಬರಲಿಲ್ಲ. 1996ರಲ್ಲಿ ಲೈಸೆನ್ಸ್ ನಿಯಮಗಳನ್ನು ವಾಪಸ್ ತೆಗೆದರು.

ಜೈಲು ತೆಗೆದು ದಂಡ ಮಾತ್ರ ಇಟ್ರಂತೆ. ಹಾಗಾದ್ರೆ ದುಡ್ಡಿದ್ದವರಿಗೆ ಭಯ ಇಲ್ಲ ಅಲ್ವಾ?

1948ರ ತೈಲಕ್ಷೇತ್ರ ಕಾಯ್ದೆಯಲ್ಲಿ ಆರು ತಿಂಗಳ ತನಕ ಜೈಲು ಅಥವಾ ಸಾವಿರ ರೂಪಾಯಿ ದಂಡ ಇತ್ತು. 2025ರ ತಿದ್ದುಪಡಿಯಲ್ಲಿ ಜೈಲು ಹೋಗಿ 25 ಲಕ್ಷದ ತನಕ ದಂಡ, ತಪ್ಪು ಮುಂದುವರಿದರೆ ದಿನಕ್ಕೆ 10 ಲಕ್ಷದ ತನಕ ಅಂತ ಬಂತು. ಯಾರಾದರೂ ಸತ್ತರೆ ಕ್ರಿಮಿನಲ್ ಕೇಸು ಬೇರೆ ಇದ್ದೇ ಇದೆ. ನನ್ನ ಮಟ್ಟಿಗೆ ದಿನದ ಲೆಕ್ಕದ ದಂಡ ಒಳ್ಳೆಯದೇ. ಎರಡು ದಿನ ಕೆಲಸ ನಿಂತಿದ್ದಕ್ಕೆ ಬ್ಯಾಟರಿ ಬಂದಿದ್ದು ನೋಡಿದವನು ನಾನು.

ನನಗೆ ಚಿಂತೆ ಇರುವುದು ದಂಡ ಹಾಕುವವರು ಯಾರು ಅನ್ನುವುದರಲ್ಲಿ. ಬ್ರಿಟನ್ನಿನ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮಿನಲ್ಲಿ 1988ರ ಜುಲೈ 6ರಂದು 167 ಜನ ಸತ್ತರು. ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿಟ್ಟಿದ್ದರು. ಅದನ್ನು ಬರೆದಿಟ್ಟ ಕೆಲಸದ ಪರ್ಮಿಟ್ ಕಾಗದ ರಾತ್ರಿ ಪಾಳಿಯವರ ಗಮನಕ್ಕೆ ಬರಲಿಲ್ಲ, ಪಂಪು ಚಾಲೂ ಮಾಡಿದರು. 1990ರಲ್ಲಿ ಲಾರ್ಡ್ ಕಲ್ಲೆನ್ ವರದಿ 106 ಶಿಫಾರಸು ಮಾಡಿತು. ಒಂದು ಮುಖ್ಯವಾದದ್ದು: ಎಣ್ಣೆ ತೆಗೆಸುವ ಇಂಧನ ಇಲಾಖೆಯ ಕೈಯಲ್ಲಿ ಸುರಕ್ಷತೆ ಇರಬಾರದು, ಬೇರೆ ಸಂಸ್ಥೆಗೆ ಕೊಡಿ. ಕೊಟ್ಟರು. ಅಮೆರಿಕವೂ 2010ರಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನುವ ರಿಗ್ ಸ್ಫೋಟ ಆದಮೇಲೆ ತನ್ನ ಸಂಸ್ಥೆಯನ್ನು ಒಡೆದು, ಆದಾಯ ನೋಡುವವರನ್ನೂ ಸುರಕ್ಷತೆ ನೋಡುವವರನ್ನೂ ಬೇರೆ ಮಾಡಿತು. ನಮ್ಮ ಒಐಎಸ್‌ಡಿ ಇನ್ನೂ ಪೆಟ್ರೋಲಿಯಂ ಸಚಿವಾಲಯದ ಕೆಳಗೇ ಇದೆ. ಸರ್ಕಾರಿ ತೈಲ ಕಂಪನಿಗಳೂ ಅದೇ ಸಚಿವಾಲಯದ ಕೆಳಗೆ.

ಹಾಗಂತ ಮನುಷ್ಯರು ಕೆಟ್ಟವರು ಅಂತಲ್ಲ. ನಮ್ಮ ಬಾರ್ಜಿಗೆ ಬಂದ ಆ ಇನ್‌ಸ್ಪೆಕ್ಟರ್ ಬಂದಿದ್ದು ನಮ್ಮ ಕಡೆಯ ಹೆಲಿಕಾಪ್ಟರಿನಲ್ಲೇ, ಬೇರೆ ದಾರಿ ಇರಲಿಲ್ಲ. ಊಟ ಮಾಡಿದ್ದು ನಮ್ಮ ಮೆಸ್ಸಿನಲ್ಲೇ, ವಾಪಸ್ ಹೋಗಲು ಸೀಟು ಕೊಡಬೇಕಾದವರೂ ನಾವೇ. ಅಷ್ಟಾದರೂ ಅವರು ಬಗ್ಗಿ ಬ್ಯಾಟರಿ ಮೇಲಿನ ನಂಬರ್ ಓದಿದರು.